ಮನೆಯ ಚಾವಡಿಯಲ್ಲಿ ಹಳೆಯ ರೀಲುಗಳ ಪ್ರದರ್ಶನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿಯ ಸುತ್ತಮುತ್ತ ಮುಂಬಯಿಯಲ್ಲಿ, ಪೂರ್ವ ಆಫ್ರಿಕದಲ್ಲಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದವರ ಮನೆಗಳು ಬಹಳ ಇವೆ. ಅಂಥ ಕೆಲವು ಮನೆಗಳ ಅಟ್ಟದಲ್ಲಿ ಇಂದಿಗೂ ಒಂದು ಪುಟ್ಟ ಪ್ರೊಜೆಕ್ಟರ್, ಅದರ ಜೊತೆಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟ ನಾಲ್ಕಾರು ರೀಲುಗಳು ಸಿಗುತ್ತವೆ. ಅವುಗಳನ್ನು ಸಂಗ್ರಹಿಸಿ, ಶುಚಿಮಾಡಿ, ಮನೆಯಲ್ಲೇ ಪರದೆ ಕಟ್ಟಿ ತೋರಿಸುವ ಹವ್ಯಾಸಿಗಳಲ್ಲಿ ನಾನೂ ಒಬ್ಬ. ರೀಲು ಸಿಕ್ಕಿದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸಣ್ಣ ಅಳತೆಯ ಫಿಲ್ಮ್ ಎಂದರೆ ಯಾವುದು? ನಮ್ಮ ಮನೆಯಲ್ಲಿರುವುದು ಯಾವುದೆಂದು ತಿಳಿಯುವುದು ಹೇಗೆ?

ಚಿತ್ರಮಂದಿರಗಳಲ್ಲಿ ಓಡುತ್ತಿದ್ದ 35 ಎಂ.ಎಂ. ಫಿಲ್ಮಿಗಿಂತ ಅಗಲ ಕಡಿಮೆ ಇರುವವೆಲ್ಲ ಈ ಗುಂಪಿಗೆ ಸೇರುತ್ತವೆ. ಫ್ರಾನ್ಸಿನ ಪಾಥೆ ಸಂಸ್ಥೆಯ 9.5 ಎಂ.ಎಂ. 1922ರಲ್ಲಿ ಬಂತು. ಕೊಡಕ್ ಸಂಸ್ಥೆಯ 16 ಎಂ.ಎಂ. 1923ರಲ್ಲಿ, 8 ಎಂ.ಎಂ. 1932ರಲ್ಲಿ ಮತ್ತು ಸೂಪರ್ 8 ಎಂ.ಎಂ. 1965ರಲ್ಲಿ ಬಂದವು. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ನನ್ನ ಕೈಗೆ ಬಂದಿರುವುದು 8 ಎಂ.ಎಂ. ಮತ್ತು ಸೂಪರ್ 8. ಇವೆರಡರ ಅಗಲ ಒಂದೇ ಆದ್ದರಿಂದ ಗೊಂದಲವಾಗುತ್ತದೆ. ಫಿಲ್ಮಿನ ತುದಿಯನ್ನು ಬೆಳಕಿಗೆ ಹಿಡಿದು ಅಂಚಿನ ತೂತುಗಳನ್ನು ನೋಡಿ. ತೂತು ದೊಡ್ಡದಾಗಿದ್ದು ಎರಡು ಚಿತ್ರಗಳ ನಡುವಿನ ಗೆರೆಯ ಬಳಿ ಇದ್ದರೆ ಅದು ಹಳೆಯ 8 ಎಂ.ಎಂ.; ತೂತು ಸಣ್ಣದಾಗಿದ್ದು ಚಿತ್ರದ ನಡುಮಟ್ಟಕ್ಕೆ ಇದ್ದರೆ ಸೂಪರ್ 8. ತೂತನ್ನು ಸಣ್ಣದು ಮಾಡಿ ಉಳಿಸಿದ ಜಾಗವನ್ನು ಚಿತ್ರಕ್ಕೆ ಕೊಟ್ಟಿದ್ದರಿಂದ ಸೂಪರ್ 8ರ ಚಿತ್ರ ಹಳೆಯದಕ್ಕಿಂತ ಸುಮಾರು ಒಂದೂವರೆ ಪಟ್ಟು ವಿಸ್ತಾರವಾಗಿರುತ್ತದೆ. ರೀಲಿನ ನಡುವಿನ ರಂಧ್ರವೂ ಸುಳಿವು ಕೊಡುತ್ತದೆ: ಸೂಪರ್ 8 ರೀಲಿನದು ದೊಡ್ಡದು, ಹಳೆಯ 8ರದು ಚಿಕ್ಕದು. ತೂತುಗಳು ಅಂಚಿನಲ್ಲಿರದೆ ಫಿಲ್ಮಿನ ಮಧ್ಯದಲ್ಲಿ, ಚಿತ್ರ ಚಿತ್ರದ ನಡುವೆ ಕಂಡರೆ ಅದು 9.5 ಎಂ.ಎಂ. ಅಂಥದ್ದು ಸಿಕ್ಕಿದರೆ ಅದನ್ನು ಬಹಳ ಜೋಪಾನ ಮಾಡಿ.

ಒಂದು ರೀಲು ಎಷ್ಟು ಹೊತ್ತು ಓಡುತ್ತದೆ?

ಮನೆಯವರೇ ತೆಗೆದ ಸೂಪರ್ 8 ರೀಲು ಸಾಮಾನ್ಯವಾಗಿ 50 ಅಡಿ ಇರುತ್ತದೆ; ಸೆಕೆಂಡಿಗೆ 18 ಚಿತ್ರಗಳ ವೇಗದಲ್ಲಿ ಅದು 3 ನಿಮಿಷ 20 ಸೆಕೆಂಡಿಗೆ ಮುಗಿಯುತ್ತದೆ. ಅಷ್ಟೇ ಉದ್ದದ ಹಳೆಯ 8 ಎಂ.ಎಂ. ರೀಲು ಸೆಕೆಂಡಿಗೆ 16 ಚಿತ್ರಗಳಂತೆ ನಾಲ್ಕು ನಿಮಿಷಕ್ಕೂ ಸ್ವಲ್ಪ ಹೆಚ್ಚು ಬರುತ್ತದೆ. 16 ಎಂ.ಎಂ.ನ 400 ಅಡಿಯ ಧ್ವನಿಸಹಿತ ರೀಲು ಸುಮಾರು 11 ನಿಮಿಷ. ಮದುವೆಯ ಇಡೀ ದಿನ ನಾಲ್ಕು ನಿಮಿಷದಲ್ಲಿ ಹಿಡಿಯಬೇಕಾಗಿದ್ದುದರಿಂದ ಆ ಕಾಲದವರು ಪ್ರತಿ ಸೆಕೆಂಡನ್ನೂ ಲೆಕ್ಕ ಹಾಕಿ ತೆಗೆಯುತ್ತಿದ್ದರು. ಯಾರನ್ನು ಎಷ್ಟು ಹೊತ್ತು ತೋರಿಸಿದ್ದಾರೆ ಎಂಬುದರಲ್ಲೇ ಆ ಮನೆಯ ಸಂಬಂಧಗಳು ಓದಿಗೆ ಸಿಗುತ್ತವೆ.

ಅಟ್ಟದಲ್ಲಿ ಪ್ರೊಜೆಕ್ಟರೂ ರೀಲುಗಳೂ ಸಿಕ್ಕಿವೆ. ಇವತ್ತು ರಾತ್ರಿಯೇ ಹಾಕಿ ನೋಡಬಹುದೇ?

ದಯವಿಟ್ಟು ಹಾಕಬೇಡಿ. ಇಷ್ಟು ವರ್ಷ ಕಾದ ರೀಲು ಇನ್ನೊಂದು ವಾರ ಕಾಯುತ್ತದೆ, ಆದರೆ ಪರೀಕ್ಷಿಸದೆ ಓಡಿಸಿದ ರೀಲು ಮೊದಲ ನಿಮಿಷದಲ್ಲೇ ಹಾಳಾಗಬಹುದು, ಮತ್ತು ಮನೆಯವರು ತೆಗೆದ ಚಿತ್ರಕ್ಕೆ ಎರಡನೆಯ ಪ್ರತಿ ಇರುವುದಿಲ್ಲ. ಆ ಕಾಲದ ಬಹುಪಾಲು ಮನೆಚಿತ್ರಗಳಲ್ಲಿ ಕ್ಯಾಮೆರಾದೊಳಗೆ ಬೆಳಕು ಬಿದ್ದ ಅದೇ ಫಿಲ್ಮು ಸಂಸ್ಕರಣೆಯಾಗಿ ಪರದೆಗೂ ಹೋಗುತ್ತಿತ್ತು. ಪ್ರತ್ಯೇಕ ನೆಗೆಟಿವ್ ಎಂಬುದೇ ಇರಲಿಲ್ಲ.

ಮೊದಲು ಡಬ್ಬಿಯ ಮುಚ್ಚಳ ತೆಗೆದು ವಾಸನೆ ನೋಡಿ. ಹುಳಿಯಾದ ವಿನೆಗರಿನ ವಾಸನೆ ಬಂದರೆ ಅದರ ಬಗ್ಗೆ ಮುಂದಿನ ಉತ್ತರ ಓದಿ. ಆಮೇಲೆ ಬೆಳಕಿನಲ್ಲಿ ಮೇಲ್ಮೈ ನೋಡಿ. ಬಿಳಿಯ ಪುಡಿಯಂತೆಯೋ ಜೇಡನ ಬಲೆಯ ಎಳೆಯಂತೆಯೋ ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ಬೂಷ್ಟು ತಿನ್ನುವುದು ಚಿತ್ರ ಹೊತ್ತಿರುವ ಜಿಲೆಟಿನ್ ಪದರವನ್ನು. ಅದು ತಿಂದ ಜಾಗ ನೀರಿಗೆ ಕರಗುವಂತಾಗಿರುವುದರಿಂದ ಒದ್ದೆ ಬಟ್ಟೆಯಿಂದ ಒರೆಸಿದರೆ ಚಿತ್ರವೇ ಬಟ್ಟೆಗೆ ಬರುತ್ತದೆ. ಒಣಗಿದ ಮೃದು ಬಟ್ಟೆಯ ನಡುವೆ ಫಿಲ್ಮನ್ನು ಹಗುರವಾಗಿ ಹಿಡಿದು, ಕೈಯಿಂದ ತಿರುಗಿಸುವ ರಿವೈಂಡರಿನಲ್ಲಿ ನಿಧಾನವಾಗಿ ಒಂದು ರೀಲಿನಿಂದ ಇನ್ನೊಂದಕ್ಕೆ ಸುತ್ತಿ. ಹೀಗೆ ಸುತ್ತುವಾಗ ಹರಿದ ತೂತು, ಬಿಟ್ಟುಕೊಂಡ ಜೋಡಣೆ, ಮುರಿದ ಅಂಚು ಎಲ್ಲವೂ ಬೆರಳಿಗೆ ತಾಗುತ್ತವೆ.

ಕೊನೆಯದಾಗಿ ಕುಗ್ಗುವಿಕೆಯನ್ನು ನೋಡಬೇಕು. ಹೊಸ ಫಿಲ್ಮಿನ ನೂರು ತೂತುಗಳ ಉದ್ದದ ಪಕ್ಕದಲ್ಲಿ ಹಳೆಯ ಫಿಲ್ಮಿನ ನೂರು ತೂತುಗಳನ್ನು ಇಟ್ಟು ಅಳೆಯಿರಿ. ಹಳೆಯದು ಒಂದು ತೂತಿನಷ್ಟು ಹಿಂದೆ ಬಿದ್ದರೆ ಶೇಕಡ 1ರಷ್ಟು ಕುಗ್ಗಿದೆ. ಅಂಥದ್ದನ್ನು ಸಾಮಾನ್ಯ ಪ್ರೊಜೆಕ್ಟರಿನಲ್ಲಿ ಓಡಿಸಿದರೆ ಹಲ್ಲುಗಳು ತೂತುಗಳನ್ನು ಹರಿಯುತ್ತ ಹೋಗುತ್ತವೆ.

ಡಬ್ಬಿಯಿಂದ ವಿನೆಗರಿನ ವಾಸನೆ ಬರುತ್ತಿದೆ. ಏನು ಮಾಡಬೇಕು?

ಫಿಲ್ಮಿನ ಆಧಾರವಾದ ಸೆಲ್ಯುಲೋಸ್ ಅಸಿಟೇಟ್ ತೇವ ಮತ್ತು ಸೆಖೆಗೆ ಒಡೆಯತೊಡಗಿ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಆ ಆಮ್ಲವೇ ಮತ್ತೆ ಒಡೆಯುವಿಕೆಯನ್ನು ವೇಗಗೊಳಿಸುತ್ತದೆ. ಒಮ್ಮೆ ಶುರುವಾದದ್ದನ್ನು ಹಿಂದಕ್ಕೆ ತಿರುಗಿಸಲಾಗದು, ನಿಧಾನಗೊಳಿಸಬಹುದು ಅಷ್ಟೇ. ಅಸಿಟೇಟಿನದೇ ಒಂದು ಬಗೆಯಾದ ಟ್ರೈಅಸಿಟೇಟ್ ಫಿಲ್ಮು 1948ರಲ್ಲಿ ಬಳಕೆಗೆ ಬಂದು ಹತ್ತು ವರ್ಷ ತುಂಬುವ ಮೊದಲೇ ಈ ಹಾಳಾಗುವಿಕೆಯ ಬಗ್ಗೆ ಕೊಡಕ್ ಸಂಸ್ಥೆಗೆ ತಲುಪಿದ ಮೊದಲ ವರದಿ ಭಾರತ ಸರ್ಕಾರದಿಂದ ಹೋಗಿತ್ತು. ಬಿಸಿಯೂ ತೇವವೂ ಇರುವ ಗೋದಾಮಿನಲ್ಲಿ ಇಟ್ಟಿದ್ದ ಫಿಲ್ಮುಗಳು ಅವು. ನಮ್ಮ ಕರಾವಳಿಯ ಅಟ್ಟಗಳಲ್ಲಿ ಇರುವುದೂ ಅದೇ ಹವೆ.

ವಾಸನೆ ಬಂದ ರೀಲನ್ನು ಮೊದಲು ಉಳಿದವುಗಳಿಂದ ಬೇರೆ ಕೋಣೆಗೆ ಸಾಗಿಸಿ, ಏಕೆಂದರೆ ಆಮ್ಲದ ಆವಿ ಪಕ್ಕದ ಒಳ್ಳೆಯ ರೀಲಿಗೂ ತಗಲುತ್ತದೆ. ಗಾಳಿಯಾಡದ ತಗಡಿನ ಡಬ್ಬಿಯಿಂದ ತೆಗೆದು ಗಾಳಿಯಾಡುವ ಪೆಟ್ಟಿಗೆಯಲ್ಲಿಡಿ. ಆಮ್ಲದ ಮಟ್ಟ ತಿಳಿಯಲು ಎ-ಡಿ ಸ್ಟ್ರಿಪ್ ಎಂಬ ಕಾಗದದ ಪಟ್ಟಿಗಳಿವೆ. ಅವು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿದಷ್ಟೂ ಸ್ಥಿತಿ ಕೆಟ್ಟಿದೆ ಎಂದು ತಿಳಿಯಬೇಕು. ಪಟ್ಟಿಯ ಬಣ್ಣ ತಿರುಗಿಸಿದ ರೀಲನ್ನು ಎಲ್ಲಕ್ಕಿಂತ ಮೊದಲು ಡಿಜಿಟಲ್ ರೂಪಕ್ಕೆ ತನ್ನಿ.

ಹಳೆಯ ಫಿಲ್ಮಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ ಎನ್ನುತ್ತಾರಲ್ಲ?

ಆ ಭಯ ಹುಟ್ಟಿದ್ದು 35 ಎಂ.ಎಂ. ನೈಟ್ರೇಟ್ ಫಿಲ್ಮುಗಳಿಂದ. ಕೊಡಕ್ 16 ಎಂ.ಎಂ. ಮತ್ತು 8 ಎಂ.ಎಂ. ಫಿಲ್ಮುಗಳನ್ನು ಮನೆಬಳಕೆಗೆಂದೇ ರೂಪಿಸಿ, ಆರಂಭದಿಂದಲೂ ಸುಲಭವಾಗಿ ಉರಿಯದ ಅಸಿಟೇಟಿನಲ್ಲಿ ತಯಾರಿಸಿತು. ಆದರೂ ಓಡುತ್ತಿರುವ ಫಿಲ್ಮು ಗೇಟಿನಲ್ಲಿ, ಅಂದರೆ ದೀಪದ ಮುಂದೆ ಅದು ಹಾದುಹೋಗುವ ಕಿಂಡಿಯಲ್ಲಿ, ಸಿಕ್ಕಿಕೊಂಡು ನಿಂತರೆ ದೀಪದ ಶಾಖಕ್ಕೆ ಆ ಒಂದು ಚಿತ್ರ ಗುಳ್ಳೆಯೆದ್ದು ಕರಗುತ್ತದೆ. ಪ್ರೊಜೆಕ್ಟರಿನ ಪಕ್ಕ ಬಿಟ್ಟು ಏಳಬೇಡಿ.

ನಮ್ಮ ಊರಿನ ಮಳೆಗಾಲದಲ್ಲಿ ರೀಲುಗಳನ್ನು ಕಾಪಾಡುವುದು ಹೇಗೆ?

ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಗಾಳಿಯ ತೇವಾಂಶ ಶೇಕಡ 65ನ್ನು ದಾಟಿ ಹಾಗೆಯೇ ಉಳಿದರೆ ಬೂಷ್ಟು ಚಿಗುರುತ್ತದೆ, ಮತ್ತು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದಕ್ಕಿಂತ ಕೆಳಗಿಳಿಯುವ ದಿನಗಳು ನಮ್ಮಲ್ಲಿ ವಿರಳ. ಆದ್ದರಿಂದ ವಿದೇಶದ ಕೈಪಿಡಿಗಳಲ್ಲಿರುವ ಸಲಹೆಗಳು ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ.

ಹಂಚಿನ ಮಾಡಿನ ಕೆಳಗಿನ ಅಟ್ಟ ಫಿಲ್ಮಿಗೆ ಅತ್ಯಂತ ಕೆಟ್ಟ ಜಾಗ: ಬೇಸಿಗೆಯಲ್ಲಿ ಬೇಯುತ್ತದೆ, ಮಳೆಗಾಲದಲ್ಲಿ ನೆನೆಯುತ್ತದೆ. ಮನೆಯ ಒಳಕೋಣೆಯಲ್ಲಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಒಂದು ಕಬ್ಬಿಣದ ಕಪಾಟು ಇದ್ದರೆ ಸಾಕು. ಕ್ಯಾಮೆರಾ ಇಡುವವರು ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸುವ ಪದ್ಧತಿ ನಮ್ಮಲ್ಲಿದೆ. ಲೆನ್ಸಿಗೆ ಅದು ಸರಿ, ಆದರೆ ಅಸಿಟೇಟಿಗೆ ಶಾಖವೇ ಶತ್ರುವಾದ್ದರಿಂದ ರೀಲುಗಳಿರುವ ಕಪಾಟಿಗೆ ಬೇಡ. ಅದರ ಬದಲು ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ಇಡಿ. ಬಣ್ಣ ತಿರುಗಿದ ಕೂಡಲೇ ತೆಗೆದು ಬಿಸಿಮಾಡಿ ಒಣಗಿಸಿ ಮತ್ತೆ ಇಡಬೇಕು. ಮಳೆ ನಿಂತ ಮೇಲೆ ಹಾಸಿಗೆ, ಕಂಬಳಿ, ಪುಸ್ತಕಗಳನ್ನೆಲ್ಲ ಅಂಗಳದ ಬಿಸಿಲಿಗೆ ಹಾಕುವ ಅಭ್ಯಾಸದಲ್ಲಿ ರೀಲುಗಳನ್ನೂ ಹಾಕಿದವರನ್ನು ನಾನು ಕಂಡಿದ್ದೇನೆ. ಬಿಸಿಲು ಬಣ್ಣವನ್ನೂ ಆಧಾರವನ್ನೂ ಕೆಡಿಸುತ್ತದೆ. ನವೆಂಬರ್ ಅಥವಾ ಡಿಸೆಂಬರಿನಲ್ಲಿ ನೆರಳಿನ ಕೋಣೆಯಲ್ಲಿ ಡಬ್ಬಿ ತೆರೆದು, ಪ್ರತಿ ರೀಲನ್ನೂ ಒಮ್ಮೆ ಕೈಯಿಂದ ಸುತ್ತಿ ಗಾಳಿಯಾಡಿಸಿದರೆ ಸಾಕು.

ಪ್ರೊಜೆಕ್ಟರ್ ಕೊಳ್ಳುವಾಗ ಏನು ನೋಡಬೇಕು?

ಅಮೆರಿಕದಿಂದ ತಂದ ಯಂತ್ರಗಳು 110ರಿಂದ 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ದೀಪ ಕ್ಷಣದಲ್ಲಿ ಹೋಗುತ್ತದೆ, ಮೋಟಾರೂ ಸುಡಬಹುದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜಿನ ಸಮಸ್ಯೆ ತೀರುತ್ತದೆ, ಆದರೆ ಇನ್ನೊಂದು ಸಮಸ್ಯೆಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅಲ್ಲಿನ ವಿದ್ಯುತ್ತು 60 ಹರ್ಟ್ಜ್, ನಮ್ಮದು 50. ಆ ಆವರ್ತನಕ್ಕೆ ಕಟ್ಟುಬಿದ್ದ ಮೋಟಾರು ಇಲ್ಲಿ ಆರನೇ ಒಂದು ಪಾಲು ನಿಧಾನವಾಗಿ ತಿರುಗುತ್ತದೆ. ಸೆಕೆಂಡಿಗೆ 24 ಚಿತ್ರ ಓಡಬೇಕಾದಲ್ಲಿ 20 ಓಡಿ, ಹಾಡುವವರ ದನಿ ಕೇಳಿದ ಕೂಡಲೇ ತಿಳಿಯುವಷ್ಟು ಕೆಳಕ್ಕಿಳಿಯುತ್ತದೆ. ಅದಕ್ಕೆ ಮೋಟಾರಿನ ರಾಟೆಯನ್ನು ಬದಲಿಸಬೇಕಾಗುತ್ತದೆ, ಅಥವಾ ಮೊದಲೇ 50 ಹರ್ಟ್ಜ್‌ಗೆ ತಯಾರಾದ ಯಂತ್ರವನ್ನು ಹುಡುಕಬೇಕು.

ರಬ್ಬರಿನ ಬೆಲ್ಟ್ ಹಳೆಯ ಯಂತ್ರಗಳಲ್ಲಿ ಗಟ್ಟಿಯಾಗಿ ಒಡೆದಿರುತ್ತದೆ, ಇಲ್ಲವೇ ಕರಗಿ ಅಂಟಾಗಿರುತ್ತದೆ. ದೀಪದ ನಂಬರನ್ನು ಬರೆದುಕೊಂಡು, ಅದು ಈಗಲೂ ಸಿಗುತ್ತದೆಯೇ ಎಂದು ಯಂತ್ರ ಕೊಳ್ಳುವ ಮೊದಲೇ ವಿಚಾರಿಸಿ. ಹ್ಯಾಲೊಜೆನ್ ದೀಪವನ್ನು ಬರಿಗೈಯಿಂದ ಮುಟ್ಟಬಾರದು.

16 ಎಂ.ಎಂ. ಯಂತ್ರದಲ್ಲಿ ಸ್ಪ್ರಾಕೆಟಿನ, ಅಂದರೆ ಫಿಲ್ಮನ್ನು ಎಳೆಯುವ ಚಕ್ರದ, ಹಲ್ಲುಗಳನ್ನು ಎಣಿಸದೆ ಮುಂದುವರಿಯಬೇಡಿ. ಮೂಕಿಚಿತ್ರಗಳ ಕಾಲದ ಯಂತ್ರಕ್ಕೆ ಎರಡೂ ಬದಿಯಲ್ಲಿ ಹಲ್ಲುಗಳಿರುತ್ತವೆ. ಧ್ವನಿಸಹಿತ ಫಿಲ್ಮಿಗೆ ಒಂದೇ ಬದಿಯಲ್ಲಿ ತೂತು. ಇನ್ನೊಂದು ಬದಿಯಲ್ಲಿ ಧ್ವನಿಯ ಪಟ್ಟಿ. ನಾನು ಈ ಹವ್ಯಾಸಕ್ಕೆ ಹೊಸಬನಾಗಿದ್ದಾಗ ಇದನ್ನು ತಿಳಿಯದೆ ಒಂದು ಒಳ್ಳೆಯ ಸಾಕ್ಷ್ಯಚಿತ್ರದ ರೀಲನ್ನು ಅಂಥ ಯಂತ್ರಕ್ಕೆ ಹಾಕಿದೆ. ಹಲ್ಲುಗಳು ಧ್ವನಿಪಟ್ಟಿಯ ಉದ್ದಕ್ಕೂ ಚುಚ್ಚುತ್ತ ಹೋಗಿದ್ದವು. ಆ ರೀಲು ಇನ್ನೂ ನನ್ನ ಬಳಿ ಇದೆ. ಯಾರಾದರೂ ಹೊಸಬರು ಬಂದರೆ ಮೊದಲು ಅದನ್ನೇ ಕೈಗೆ ಕೊಟ್ಟು ತೋರಿಸುತ್ತೇನೆ.

ಮನೆಯಲ್ಲಿ ಪ್ರದರ್ಶನ ಏರ್ಪಡಿಸುವುದು ಹೇಗೆ?

ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕಾಲ. ಕತ್ತಲೆ ಬೇಗ ಆವರಿಸುತ್ತದೆ, ಗಾಳಿ ಒಣಗಿರುತ್ತದೆ, ಊರಿಗೆ ಬರುವ ಬಂಧುಗಳೂ ಹೆಚ್ಚು. ಹಳೆಯ ಮನೆಯ ಚಾವಡಿ ಉದ್ದವಾಗಿರುವುದರಿಂದ ಬೆಳಕು ಹಾಯಲು ಬೇಕಾದ ದೂರ ತಾನಾಗಿ ಸಿಗುತ್ತದೆ. 100 ವಾಟ್ ದೀಪದ 8 ಎಂ.ಎಂ. ಯಂತ್ರಕ್ಕೆ ನಾಲ್ಕೈದು ಅಡಿ ಅಗಲದ ಚಿತ್ರವೇ ಸರಿಯಾದ ಅಳತೆ. ಗೋಡೆ ತುಂಬ ದೊಡ್ಡದಾಗಿ ಕಾಣಲಿ ಎಂಬ ಆಸೆಗೆ ಯಂತ್ರವನ್ನು ಹಿಂದೆ ಸರಿಸಿದರೆ ಚಿತ್ರ ಮಂಕಾಗುತ್ತದೆ. ಬಿಳಿಯ ಪಂಚೆಯನ್ನು ಪರದೆಯಾಗಿ ಕಟ್ಟಿದರೆ ಬೆಳಕು ಅದರ ಹಿಂದಕ್ಕೂ ಸೋರಿಹೋಗುತ್ತದೆ. ಸುಣ್ಣ ಬಳಿದ ನುಣುಪಾದ ಗೋಡೆ, ಅಥವಾ ಬಿಳಿ ಬಣ್ಣ ಹಚ್ಚಿದ ಪ್ಲೈವುಡ್ ಹಲಗೆ ಅದಕ್ಕಿಂತ ಮೇಲು.

ನೆಂಟರು ಬರುವ ಮೊದಲೇ ಗೇಟನ್ನು ಮೃದುವಾದ ಬ್ರಷ್ಷಿನಿಂದ ಶುಚಿಮಾಡಿ, ಲೋಹದ ಯಾವ ಉಪಕರಣವನ್ನೂ ಅಲ್ಲಿಗೆ ತಾಗಿಸಬೇಡಿ. ಗೇಟಿನಲ್ಲಿ ಬಿದ್ದ ಒಂದು ಗೀರು ಮುಂದೆ ಹಾದುಹೋಗುವ ಪ್ರತಿ ಚಿತ್ರದ ಮೇಲೂ ಗೆರೆ ಎಳೆಯುತ್ತದೆ. ಕೆಲಸಕ್ಕೆ ಬಾರದ ಒಂದು ತುಂಡು ಫಿಲ್ಮನ್ನು ಮೊದಲು ಓಡಿಸಿ ನೋಡಿ. ಗೇಟಿನ ಮೇಲೆ ಮತ್ತು ಕೆಳಗೆ ಫಿಲ್ಮು ಸಡಿಲವಾಗಿ ಬಾಗಿ ನಿಲ್ಲುವ ಎರಡು ಲೂಪುಗಳು ಸರಿಯಾದ ಅಳತೆಯಲ್ಲಿರಬೇಕು. 16 ಎಂ.ಎಂ. ಧ್ವನಿಚಿತ್ರದಲ್ಲಿ ಧ್ವನಿಯು ತನ್ನ ಚಿತ್ರಕ್ಕಿಂತ 26 ಚಿತ್ರಗಳಷ್ಟು ಮುಂದೆ ಮುದ್ರಿತವಾಗಿರುತ್ತದೆ. ಕೆಳಗಿನ ಲೂಪು ದೊಡ್ಡದಾದರೂ ಸಣ್ಣದಾದರೂ ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪುತ್ತದೆ. ಮುಗಿದ ಮೇಲೆ ದೀಪ ಆರಿಸಿ ಫ್ಯಾನನ್ನು ಐದು ನಿಮಿಷ ಹಾಗೆಯೇ ಓಡಲು ಬಿಡಿ.

ಮೂಕ ರೀಲುಗಳ ಜೊತೆ ಸಂಗೀತ ಹಾಕಬಹುದೇ?

ಹಾಕಬಹುದು, ಆದರೆ ಮನೆಯವರ ರೀಲಿಗೆ ಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಮೂಕಚಿತ್ರ ಓಡುವಾಗ ಹಿರಿಯರು ಮಾತಾಡುತ್ತಾರೆ. ಅಂಗಳದಲ್ಲಿ ಮಂಟಪ ಕಟ್ಟುತ್ತಿರುವವನು ಯಾರು, ಆ ಬಾವಿ ಈಗ ಎಲ್ಲಿ ಮುಚ್ಚಿಹೋಗಿದೆ, ಬಾಗಿಲಲ್ಲಿ ಅರ್ಧ ಮರೆಯಾಗಿ ನಿಂತ ಹೆಣ್ಣುಮಗಳು ಯಾವ ಮನೆಗೆ ಮದುವೆಯಾಗಿ ಹೋದಳು, ಇವೆಲ್ಲ ಫಿಲ್ಮಿನ ಮೇಲೆ ಎಲ್ಲಿಯೂ ಬರೆದಿಲ್ಲ. ಒಂದು ಮನೆಯಲ್ಲಿ ತೊಂಬತ್ತರ ಸಮೀಪದ ಅಜ್ಜಿಯೊಬ್ಬರು ಇಡೀ ರೀಲು ಸುಮ್ಮನಿದ್ದು, ಒಲೆಯ ಮುಂದೆ ಕುಳಿತವರ ಬೆನ್ನು ಮಾತ್ರ ಕಾಣುವ ಎರಡು ಸೆಕೆಂಡಿನ ದೃಶ್ಯ ಬಂದಾಗ "ಅದು ನಮ್ಮಮ್ಮ" ಎಂದರು. ಅವರ ತಾಯಿಯ ಫೋಟೋ ಆ ಮನೆಯಲ್ಲಿ ಒಂದೂ ಇರಲಿಲ್ಲ. ಪ್ರದರ್ಶನದ ಹೊತ್ತಿನಲ್ಲಿ ಒಂದು ಮೊಬೈಲನ್ನು ಹಿರಿಯರ ಪಕ್ಕದಲ್ಲಿ ಧ್ವನಿಮುದ್ರಣಕ್ಕೆ ಇಡಿ. ಯಂತ್ರದಿಂದ ದೂರವಿಡಿ, ಇಲ್ಲದಿದ್ದರೆ ಅದರ ಸದ್ದೇ ತುಂಬುತ್ತದೆ. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಅವರು ಹೇಗೆ ಹೇಳುತ್ತಾರೋ ಹಾಗೆಯೇ ದಾಖಲಾಗಲಿ.

ದಿನಾಂಕ ಬರೆಯದ ರೀಲಿನ ಕಾಲವನ್ನು ಕಂಡುಹಿಡಿಯಬಹುದೇ?

ಬಹಳಷ್ಟು ಸಲ ಸಾಧ್ಯ. ಕೊಡಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳಂಥ ಸಣ್ಣ ಗುರುತುಗಳಿರುತ್ತವೆ. ಅವು ಫಿಲ್ಮು ತಯಾರಾದ ವರ್ಷವನ್ನು ಹೇಳುತ್ತವೆ. ಆದರೆ ಅದೇ ಗುರುತು 20 ವರ್ಷಕ್ಕೊಮ್ಮೆ ಮರಳಿ ಬರುತ್ತಿತ್ತು, ಮತ್ತು ಕೊಂಡ ಫಿಲ್ಮನ್ನು ಒಂದೆರಡು ವರ್ಷ ಬಿಟ್ಟು ಬಳಸಿದವರೂ ಇದ್ದರು.

ಉಡುಪಿಯವರಿಗೆ ಇನ್ನೊಂದು ಗಡಿಯಾರವಿದೆ. ಶ್ರೀಕೃಷ್ಣ ಮಠದ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುತ್ತದೆ ಮತ್ತು ಅಷ್ಟಮಠಗಳಲ್ಲಿ ಪ್ರತಿಯೊಂದಕ್ಕೂ 16 ವರ್ಷಕ್ಕೊಮ್ಮೆ ಸರದಿ ಬರುತ್ತದೆ. ಪರ್ಯಾಯದ ಮೆರವಣಿಗೆ ರೀಲಿನಲ್ಲಿದ್ದು, ಪೀಠವೇರಿದ್ದು ಯಾವ ಮಠ ಎಂದು ಹಿರಿಯರು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಪೇಜಾವರ ಮಠದ ಸರದಿಯಾದರೆ 1952, 1968 ಅಥವಾ 1984; ಅದಮಾರು ಮಠದ್ದಾದರೆ 1956, 1972 ಅಥವಾ 1988. ಈ 16 ವರ್ಷದ ಚಕ್ರವನ್ನೂ ಅಂಚಿನ ಗುರುತಿನ 20 ವರ್ಷದ ಚಕ್ರವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚಾಗಿ ಒಂದೇ ವರ್ಷ ಉಳಿಯುತ್ತದೆ. ಮಂಗಳೂರಿನ ದೃಶ್ಯಗಳಿಗೂ ಇಂಥ ಮೈಲುಗಲ್ಲುಗಳಿವೆ: ಬಜ್ಪೆಯ ವಿಮಾನ ನಿಲ್ದಾಣ ಆರಂಭವಾದದ್ದು 1951ರಲ್ಲಿ, ಪಣಂಬೂರಿನ ಬಂದರು ಪ್ರಮುಖ ಬಂದರೆಂದು ಘೋಷಿತವಾದದ್ದು 1974ರಲ್ಲಿ.

ಕೆಲವು ರೀಲುಗಳ ಬಣ್ಣ ಹೊಸದರಂತಿದೆ, ಕೆಲವು ಪೂರ್ತಿ ಕೆಂಪಾಗಿವೆ. ಏಕೆ?

ಬಣ್ಣ ಉಳಿದದ್ದು ಬಹುಶಃ ಕೊಡಕ್ರೋಮ್. 1935ರಲ್ಲಿ ಬಂದ ಈ ಫಿಲ್ಮಿನ ಬಣ್ಣ ಕತ್ತಲೆಯಲ್ಲಿಟ್ಟರೆ ದಶಕಗಳ ಕಾಲ ಮಾಸುವುದಿಲ್ಲ, ಆದರೆ ಪ್ರೊಜೆಕ್ಟರಿನ ಬೆಳಕಿಗೆ ಇತರ ಫಿಲ್ಮುಗಳಿಗಿಂತ ಬೇಗ ಮಾಸುತ್ತದೆ. ಆದ್ದರಿಂದ ಅಂಥ ರೀಲನ್ನು ಅಪರೂಪಕ್ಕೆ ತೋರಿಸಿ. ಕೆಂಪಾದವುಗಳಲ್ಲಿ ನೀಲಿ ಮತ್ತು ಹಳದಿ ವರ್ಣದ್ರವ್ಯಗಳು ಮೊದಲು ಸವೆದಿವೆ. ಫಿಲ್ಮಿನ ಮೇಲೆ ಅದನ್ನು ಸರಿಪಡಿಸಲು ದಾರಿಯಿಲ್ಲ.

ಫಿಲ್ಮು ಹರಿದರೆ ಹೇಗೆ ಜೋಡಿಸಬೇಕು?

ಫಿಲ್ಮಿನ ತುದಿಗಳನ್ನು ಕತ್ತರಿಸಿ ಜೋಡಿಸುವ ಸಾಧನವಾದ ಸ್ಪ್ಲೈಸರಿನಲ್ಲಿಟ್ಟು, ಅದಕ್ಕೆಂದೇ ತಯಾರಾದ ತೂತಿರುವ ಟೇಪಿನಿಂದ ಜೋಡಿಸಿ. ಸ್ಟೇಷನರಿ ಅಂಗಡಿಯ ಸೆಲ್ಲೋಟೇಪಿನ ಅಂಟು ನಮ್ಮ ಸೆಖೆಗೆ ಹರಿದು ಪಕ್ಕದ ಸುತ್ತುಗಳನ್ನೆಲ್ಲ ಅಂಟಿಸಿಬಿಡುತ್ತದೆ. ಫಿಲ್ಮ್ ಸಿಮೆಂಟ್ ಎಂಬ ದ್ರವರೂಪದ ಅಂಟು ಅಸಿಟೇಟಿಗೆ ಮಾತ್ರ ಹಿಡಿಯುತ್ತದೆ. ಫ್ಯೂಜಿಯ ಸಿಂಗಲ್ 8ರಂಥ ಪಾಲಿಯೆಸ್ಟರ್ ಫಿಲ್ಮಿಗೆ ಹಿಡಿಯುವುದಿಲ್ಲ.

ಡಿಜಿಟಲ್ ಮಾಡಿಸಿದ ಮೇಲೆ ರೀಲನ್ನು ಎಸೆಯಬಹುದೇ?

ಎಸೆಯಬೇಡಿ. ಗೋಡೆಯ ಮೇಲೆ ಬಿದ್ದ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದರೆ ಪ್ರೊಜೆಕ್ಟರಿನ ಶಟರಿನಿಂದಾಗಿ ಬೆಳಕು ಮಿನುಗುತ್ತಲೇ ಇರುತ್ತದೆ, ಅಂಚುಗಳೂ ಕತ್ತರಿಸಿಹೋಗುತ್ತವೆ. ಒಂದೊಂದೇ ಚಿತ್ರವನ್ನು ಹಿಡಿಯುವ, ಹಲ್ಲುಗಳಿಲ್ಲದ ಸ್ಕ್ಯಾನರಿನಲ್ಲಿ ಮಾಡಿಸುವುದು ಸರಿಯಾದ ದಾರಿ. ಕುಗ್ಗಿದ ರೀಲನ್ನೂ ಅದು ಹರಿಯದೆ ಸಾಗಿಸುತ್ತದೆ. ಇಪ್ಪತ್ತು ವರ್ಷದ ಹಿಂದೆ ರೀಲನ್ನು ಸಿಡಿಗೆ ಹಾಕಿಸಿ ಮೂಲವನ್ನು ಗುಜರಿಗೆ ಕೊಟ್ಟವರ ಮನೆಯಲ್ಲಿ ಇಂದು ಆ ಸಿಡಿಯೂ ಓಡುವುದಿಲ್ಲ.

ಹೀಗೆ ತೋರಿಸಲು ಕಾನೂನಿನ ಅಡ್ಡಿಯಿದೆಯೇ?

ನಿಮ್ಮ ಮನೆಯವರೇ ತೆಗೆದ ಚಿತ್ರವನ್ನು ಮನೆಯವರಿಗೂ ಸ್ನೇಹಿತರಿಗೂ ತೋರಿಸಲು ಅಡ್ಡಿಯಿಲ್ಲ. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಮಾಣಪತ್ರ ಬೇಕಾಗುವುದು ಸಾರ್ವಜನಿಕ ಪ್ರದರ್ಶನಕ್ಕೆ. ಕಥಾಚಿತ್ರದ ರೀಲು ನಿಮ್ಮ ಕೈಯಲ್ಲಿದ್ದ ಮಾತ್ರಕ್ಕೆ ಅದರ ಹಕ್ಕು ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಟಿಕೆಟ್ಟು ಇಟ್ಟು, ಸಭಾಂಗಣ ಹಿಡಿದು ತೋರಿಸುವ ಮೊದಲು ಹಕ್ಕುದಾರರ ಒಪ್ಪಿಗೆ ಪಡೆಯಿರಿ.

ಕಾನೂನಿಗಿಂತ ಮುಖ್ಯವಾದ ಇನ್ನೊಂದು ಒಪ್ಪಿಗೆ ಇದೆ. ಭೂತಕೋಲದ, ನಾಗಮಂಡಲದ ಅಥವಾ ಸಾವಿನ ಮನೆಯ ದೃಶ್ಯಗಳಿದ್ದರೆ ಆ ಕುಟುಂಬದ ಹಿರಿಯರನ್ನು ಕೇಳದೆ ಹೊರಗಿನವರಿಗೆ ತೋರಿಸಬೇಡಿ. ಬೇಡ ಎಂದರೆ ಅಲ್ಲಿಗೆ ನಿಲ್ಲಿಸಿ.

ಮುಂದೆ ನೋಡಿಕೊಳ್ಳುವವರಿಲ್ಲದಿದ್ದರೆ ಯಾರಿಗೆ ಒಪ್ಪಿಸಬೇಕು?

ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ಮುಂಬಯಿಯಲ್ಲಿ 2014ರಿಂದ ಕೆಲಸ ಮಾಡುತ್ತಿರುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ಮೊದಲು ಪತ್ರ ಬರೆದು, ಯಾವ ಅಳತೆಯ ರೀಲು, ಎಷ್ಟು, ಅದರಲ್ಲಿ ಏನಿದೆ ಎಂದು ತಿಳಿಸಿ. ಕೇಳದೆ ಪಾರ್ಸೆಲ್ ಮಾಡಬೇಡಿ. ಒಪ್ಪಿಸುವ ಮೊದಲು ಹಿರಿಯರ ಜೊತೆ ಕುಳಿತು ಪ್ರತಿ ರೀಲಿಗೂ ಒಂದೊಂದು ಚೀಟಿ ತಯಾರಿಸಿ: ಊರು, ಮನೆ, ಸಂದರ್ಭ, ಎಡದಿಂದ ಬಲಕ್ಕೆ ನಿಂತವರ ಹೆಸರು. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ನಮ್ಮ ಮಳೆಗಾಲಕ್ಕೆ ಹರಡುತ್ತದೆ. ಚೀಟಿಯನ್ನು ಡಬ್ಬಿಯ ಹೊರಗೆ ಕಟ್ಟಿ.